ಎಲ್ಕ್ ಬೇಟೆಗೆ ಮಜಲ್‌ಲೋಡರ್: ದೋಷ ಮದ್ದಿನಲ್ಲೋ, ಗುಂಡಿನಲ್ಲೋ?

ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಮಜಲ್‌ಲೋಡರ್ ಬೇಟೆಗೆ ಸಿಗುವುದು ಸೆಪ್ಟೆಂಬರ್ ಮಧ್ಯದ ಒಂಬತ್ತು ದಿನ. ಎಲ್ಕ್ ಎಂಬ ದೊಡ್ಡ ಜಿಂಕೆಯ ಗಂಡುಗಳು ಕೂಗಿ ಕರೆಯುವ ಕಾಲವೂ ಅದೇ. ಕೈಯಲ್ಲಿರುವುದು ಬಾಯಿಂದ ಮದ್ದು ತುಂಬುವ ಕೋವಿ, ಅದರಲ್ಲಿ ಒಂದೇ ಈಡು. ಎರಡನೆಯದು ತುಂಬುವಷ್ಟರಲ್ಲಿ ಪ್ರಾಣಿ ಗುಡ್ಡ ದಾಟಿರುತ್ತದೆ. ಆದ್ದರಿಂದ ಇಲ್ಲಿ ಸಣ್ಣ ದೋಷ ಅನ್ನುವುದೇ ಇಲ್ಲ.

ಕೇಳಿಬರುವ ದೂರುಗಳು ಮೂರು ಬಗೆ. ಈಡು ಹಾರಲಿಲ್ಲ, ಅಥವಾ ತಡವಾಗಿ ಹಾರಿತು. ಈಡು ಹಾರಿತು, ಗುಂಡು ಗುರಿ ಬಿಟ್ಟು ಬೇರೆಲ್ಲೋ ಹೋಯಿತು. ಗುಂಡು ತಾಗಿತು, ಆದರೆ ಎಲ್ಕ್ ಸಿಗಲಿಲ್ಲ. ಈ ಮೂರಕ್ಕೂ ಜನ ಮೊದಲು ಮಾಡುವ ಉಪಾಯ ಒಂದೇ: ಇನ್ನೂ ಹತ್ತು ಗ್ರೇನ್ (ಮದ್ದು, ಗುಂಡು ಅಳೆಯುವ ಚಿಕ್ಕ ಮಾನ) ಮದ್ದು ಜಾಸ್ತಿ ಸುರಿಯುವುದು. ನನ್ನ ಅನುಭವದಲ್ಲಿ ಅದರಿಂದ ಸರಿಹೋಗುವ ದೋಷ ತೀರಾ ಕಡಿಮೆ. ಕೋವಿಯ ನಳಿಗೆಗೆ ಹೊಂದುವ ಗುಂಡನ್ನು ಮೊದಲು ಆರಿಸಿ, ಆ ಗುಂಡು ಕೇಳುವಷ್ಟು ಮದ್ದನ್ನು ಆಮೇಲೆ ಆರಿಸಿದರೆ ಅರ್ಧಕ್ಕರ್ಧ ದೂರು ಹುಟ್ಟುವುದೇ ಇಲ್ಲ.

ನಮ್ಮ ಮಲೆನಾಡು, ಕೊಡಗಿನ ಕಡೆಯವರಿಗೆ ಕೇಪಿನ ಕೋವಿ, ಅಂದರೆ ಕೇಪು ಎಂಬ ಸಣ್ಣ ಕಿಡಿ ಬಿಲ್ಲೆ ಸಿಡಿಸಿ ಹಾರಿಸುವ ಕೋವಿ, ಹೊಸದಲ್ಲ. ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಗೆ ಪೂಜೆ ಮಾಡುವ ಮನೆಗಳವರಿಗೆ ಗುಂಡು, ಮದ್ದು, ಕೇಪು ಎಲ್ಲ ಗೊತ್ತಿರುವ ಮಾತು. ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ನಿಂತಿದೆ, ನಿಲ್ಲಲೇಬೇಕಿತ್ತು. ಈ ಬರಹ ಅಮೆರಿಕದಲ್ಲಿ ಲೈಸೆನ್ಸ್ ತೆಗೆದುಕೊಂಡು, ಕಾನೂನು ಪ್ರಕಾರ ಎಲ್ಕ್ ಬೇಟೆಗೆ ಹೋಗುವವರಿಗೆ ಮಾತ್ರ. ಊರಿನ ಕೋವಿಯ ಅಭ್ಯಾಸವನ್ನು ಅಲ್ಲಿಗೆ ಹಾಗೇ ಒಯ್ಯಬೇಡಿ ಎಂದೂ ಹೇಳಬೇಕು. ಚರೆ ತುಂಬಿ ಹಂದಿ ಓಡಿಸುವುದಕ್ಕೂ, ಒಂದೇ ಗುಂಡಿನಲ್ಲಿ ಎಲ್ಕ್ ಕೆಡವುವುದಕ್ಕೂ ಬಹಳ ವ್ಯತ್ಯಾಸ ಇದೆ. ಬಲಿತ ಗಂಡು ಎಲ್ಕ್ 300 ಕಿಲೋ ಮೀರುತ್ತದೆ. ಹೆಣ್ಣು 225 ಕಿಲೋ ಹತ್ತಿರ ಇರುತ್ತದೆ. ನಮ್ಮ ದೊಡ್ಡ ಕಡವೆಯನ್ನು ಕಣ್ಣಿಗೆ ತಂದುಕೊಂಡರೆ ಗಾತ್ರದ ಅಂದಾಜು ಸಿಗುತ್ತದೆ.

ಮೊದಲು ನಿಯಮ, ಯಾಕೆಂದರೆ ಆಯ್ಕೆಯನ್ನು ಅರ್ಧ ಮಾಡುವುದೇ ಅದು

ಕೊಲರಾಡೊದ ಮಜಲ್‌ಲೋಡರ್ ಸೀಸನ್ನಿನಲ್ಲಿ ಎಲ್ಕ್‌ಗೆ ಕನಿಷ್ಠ 50 ಕ್ಯಾಲಿಬರ್, ಅಂದರೆ ಅರ್ಧ ಇಂಚು ಒಳ ಅಗಲದ ನಳಿಗೆ, ಬೇಕು. ಸೇಬೋ, ಅಂದರೆ ಚಿಕ್ಕ ಗುಂಡಿಗೆ ಹಾಕುವ ಪ್ಲಾಸ್ಟಿಕ್ ಅಂಗಿ, ನಿಷೇಧ. ಗುಳಿಗೆ ರೂಪದ ಮದ್ದು ನಿಷೇಧ, ಪುಡಿ ಮದ್ದೇ ಆಗಬೇಕು. ಹೊಗೆಯಿಲ್ಲದ ಮದ್ದು ನಿಷೇಧ. ದುರ್ಬೀನು ಕೂಡದು, ತೆರೆದ ಗುರಿಕಣ್ಣು ಮಾತ್ರ. ಗುಂಡಿನ ಉದ್ದ ಅದರ ಅಗಲದ ಎರಡು ಪಟ್ಟು ದಾಟಬಾರದು. ಪಕ್ಕದ ರಾಜ್ಯಕ್ಕೆ ಹೋದರೆ ನಿಯಮವೂ ಬದಲಾಗುತ್ತದೆ. ಆ ವರ್ಷದ ಕೈಪಿಡಿ ಓದದೆ ಗುಂಡು ಕೊಳ್ಳಬೇಡಿ.

ಇದನ್ನು ಮೊದಲೇ ಹೇಳಲು ಕಾರಣ ಇದೆ. ಬೇರೆ ರಾಜ್ಯದಲ್ಲಿ ಜಿಂಕೆ ಹೊಡೆದು ಅಭ್ಯಾಸ ಆದವರು ಅಲ್ಲಿ ಸೇಬೋ ಗುಂಡು, ಗುಳಿಗೆ ಮದ್ದು, ದುರ್ಬೀನು ಇಟ್ಟು ಒಳ್ಳೆ ಗುರಿ ಸಾಧಿಸಿರುತ್ತಾರೆ. ಕೊಲರಾಡೊದ ಬೇಟೆ ಲೈಸೆನ್ಸ್ ಚೀಟಿ ಸಿಕ್ಕ ಮೇಲೆ ಮೂರನ್ನೂ ಒಟ್ಟಿಗೆ ಬದಲಾಯಿಸುತ್ತಾರೆ. ಗುಂಡು ಚದುರುತ್ತದೆ. ಮೂರರಲ್ಲಿ ಯಾವುದು ಕೆಟ್ಟಿತು ಎಂದು ಯಾರಿಗೂ ಹೇಳಲಾಗುವುದಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಈ ಇಡೀ ಕೆಲಸಕ್ಕೆ ಆಧಾರ ಅದೇ.

ನಳಿಗೆ ಯಾವ ಗುಂಡು ಕೇಳುತ್ತದೆ?

ನಳಿಗೆಯ ಒಳಗೆ ಸುತ್ತಿಕೊಂಡು ಹೋಗುವ ಗೀರುಗಳಿವೆ, ಅದೇ ರೈಫ್ಲಿಂಗ್. ಆ ಗೀರು ಎಷ್ಟು ಇಂಚಿಗೆ ಒಂದು ಪೂರ್ತಿ ಸುತ್ತು ಬರುತ್ತದೆ ಎಂಬುದು ಟ್ವಿಸ್ಟ್, ಅಂದರೆ ತಿರುವು. 66 ಇಂಚಿಗೆ ಒಂದು ಸುತ್ತು ಇದ್ದರೆ ಅದು ದುಂಡು ಗುಂಡಿಗಾಗಿ ಮಾಡಿದ ನಳಿಗೆ. 28 ಇಂಚಿಗೆ ಒಂದು ಸುತ್ತಾದರೆ ಉದ್ದನೆಯ, ಶಂಕುವಿನ ಆಕಾರದ ಕೊನಿಕಲ್ ಗುಂಡಿಗೆ. 48 ಇಂಚಿನದು ಎರಡರ ನಡುವಿನ ರಾಜಿ. ಚಿಕ್ಕ, ದಪ್ಪ ಕೊನಿಕಲ್ ಅದರಲ್ಲಿ ನಡೆಯುತ್ತದೆ, ದುಂಡು ಗುಂಡೂ ನಡೆಯುತ್ತದೆ, ತೀರಾ ಉದ್ದದ್ದು ನಡೆಯುವುದಿಲ್ಲ.

ನಿಮ್ಮ ನಳಿಗೆಯ ಟ್ವಿಸ್ಟ್ ಗೊತ್ತಿಲ್ಲವೇ? ಕೋವಿ ಖಾಲಿ ಇದೆ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಹಿಡಿಯ ಬಳಿ ತಾನೇ ತಿರುಗುವಂಥ ಸಲಾಕೆಗೆ ಬಿಗಿಯಾದ ಬಟ್ಟೆ ಸುತ್ತಿ ಒಳಗೆ ತಳ್ಳಿ. ಸಲಾಕೆಯ ಮೇಲೆ ಒಂದು ಗುರುತು ಹಾಕಿಕೊಂಡು ನಿಧಾನ ಹೊರಗೆ ಎಳೆಯಿರಿ. ಗುರುತು ಕಾಲು ಸುತ್ತು ತಿರುಗಲು ಎಷ್ಟು ಇಂಚು ಎಳೆಯಬೇಕಾಯಿತು ನೋಡಿ, ಅದನ್ನು ನಾಲ್ಕರಿಂದ ಗುಣಿಸಿ. ಐದು ನಿಮಿಷದ ಕೆಲಸ. ಇದು ತಿಳಿಯದೆ ಮದ್ದಿನ ಡಬ್ಬ ಮೇಲೆ ಡಬ್ಬ ಖಾಲಿ ಮಾಡುವವರನ್ನು ಕಂಡರೆ ನಿಜಕ್ಕೂ ಬೇಸರವಾಗುತ್ತದೆ.

ತಿರುವು ಹೊಂದದಿದ್ದರೆ ಗೊತ್ತಾಗುವುದು ಕಾಗದದಲ್ಲಿ. ತೂತು ದುಂಡಗಿರದೆ ಕೀಲಿಕೈ ತೂತಿನಂತೆ ಉದ್ದುದ್ದ ಇದ್ದರೆ ಗುಂಡು ಅಡ್ಡಡ್ಡ ಹೊರಳಿಕೊಂಡು ಬಂದಿದೆ ಎಂದರ್ಥ. ಇದಕ್ಕೆ ಮದ್ದಿನಲ್ಲಿ ಪರಿಹಾರ ಇಲ್ಲ. ಚಿಕ್ಕ ಗುಂಡಿಗೆ ಹೋಗಿ.

ಎಲ್ಕ್‌ಗೆ ಯಾವ ಗುಂಡು ಎಂಬ ಪ್ರಶ್ನೆಗೆ ನನ್ನ ಉತ್ತರ ನೇರ. 28 ಅಥವಾ 48 ಇಂಚಿನ ತಿರುವಿನ 50 ಕ್ಯಾಲಿಬರ್ ಕೋವಿ ಇದ್ದರೆ 350ರಿಂದ 400 ಗ್ರೇನ್ ತೂಕದ, ನಳಿಗೆ ತುಂಬುವ, ಮೆದು ಸೀಸದ ಕೊನಿಕಲ್. ಥಾಂಪ್ಸನ್ ಸೆಂಟರ್‌ನ 370 ಗ್ರೇನ್ ಮ್ಯಾಕ್ಸಿ-ಬಾಲ್, ಹಾರ್ನಡಿಯ 385 ಗ್ರೇನ್ ಗ್ರೇಟ್ ಪ್ಲೇನ್ಸ್ ಈ ಜಾತಿಯವು. 385 ಗ್ರೇನ್ ಅಂದರೆ ಸುಮಾರು 25 ಗ್ರಾಂ. ಇದರ ಪಕ್ಕದಲ್ಲಿ ಅದೇ ಕೋವಿಯ 0.490 ಇಂಚಿನ ದುಂಡು ಗುಂಡು ಇಡಿ: ಬರೀ 177 ಗ್ರೇನ್, ಅಂದರೆ ಹನ್ನೊಂದೂವರೆ ಗ್ರಾಂ. ದುಂಡು ಗುಂಡು ಸೆಕೆಂಡಿಗೆ 1800 ಅಡಿ ವೇಗದಲ್ಲಿ ಹೊರಟರೂ 100 ಗಜ ಮುಟ್ಟುವಾಗ ಸುಮಾರು ಶೇಕಡ 40ರಷ್ಟು ವೇಗ ಕಳೆದುಕೊಂಡಿರುತ್ತದೆ. ಕೊನಿಕಲ್ 1300-1400 ಅಡಿಯಲ್ಲಿ ನಿಧಾನವಾಗಿ ಹೊರಡುತ್ತದೆ, ಆದರೆ ತೂಕದ ಬಲದಿಂದ ಒಳಗೆ ಹೋಗುತ್ತಲೇ ಇರುತ್ತದೆ. ದುಂಡು ಗುಂಡಿನಿಂದ ಎಲ್ಕ್ ಬೀಳುವುದಿಲ್ಲ ಎಂದಲ್ಲ. 54 ಕ್ಯಾಲಿಬರ್ ಇಟ್ಟುಕೊಂಡು, 50-60 ಗಜದೊಳಗೆ, ಪಕ್ಕೆ ಪೂರ್ತಿ ಕಾಣುವಾಗ ಮಾತ್ರ ಹೊಡೆಯುವ ತಾಳ್ಮೆ ಇದ್ದವರಿಗೆ ಅದು ಸಾಕು. ಅಷ್ಟು ತಾಳ್ಮೆ ಇಲ್ಲದವರು ಕೊನಿಕಲ್‌ಗೆ ಬನ್ನಿ.

ಸೀಸದ ಬದಲು ಪೂರ್ತಿ ತಾಮ್ರದ ಗುಂಡೂ ನಳಿಗೆ ಅಳತೆಯಲ್ಲಿ ಸಿಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸ ಬಳಸುವಂತಿಲ್ಲ. ಬಿಟ್ಟು ಬಂದ ಕರುಳು-ಮಾಂಸದಲ್ಲಿನ ಸೀಸದ ಚೂರು ತಿಂದು ಕಾಂಡರ್ ಎಂಬ ರಣಹದ್ದು, ಹದ್ದುಗಳು ಸಾಯುತ್ತವೆ. ಕಾನೂನು ಇಲ್ಲದ ಕಡೆಯೂ ಇದನ್ನು ಯೋಚಿಸಬೇಕು ಅನ್ನುವುದು ನನ್ನ ಮನಸ್ಸಿನ ಮಾತು. ಆದರೆ ತಾಮ್ರ ಮೆದುವಲ್ಲ, ನಳಿಗೆಯ ಅಳತೆಗೆ ಕೂದಲೆಳೆಯಷ್ಟೂ ತಪ್ಪದೆ ಹೊಂದಬೇಕು. ಅಳತೆ ನೋಡಲು ಬೇರೆ ಬೇರೆ ಗಾತ್ರದ ನಮೂನೆ ಗುಂಡುಗಳ ಕಟ್ಟು ಸಿಗುತ್ತದೆ, ಅದನ್ನು ತರಿಸಿಕೊಂಡು ತೂರಿಸಿ ನೋಡಿ. 50 ಎಂದು ಬರೆದ ಎರಡು ನಳಿಗೆಗಳ ಒಳ ಅಗಲ ಒಂದೇ ಇರುತ್ತದೆ ಎಂದು ನಂಬಬೇಡಿ.

ಮದ್ದು: ಹೆಸರು ಬೇರೆ, ಅಳತೆ ಬೇರೆ

ಅಸಲಿ ಕರಿಮದ್ದಿನಲ್ಲಿ ಪೆಟ್ಲುಪ್ಪು 75 ಪಾಲು, ಇದ್ದಿಲು 15, ಗಂಧಕ 10. ಕಾಳಿನ ಗಾತ್ರಕ್ಕೆ ತಕ್ಕಂತೆ 1ಎಫ್, 2ಎಫ್, 3ಎಫ್, 4ಎಫ್ ಎಂದು ಕರೆಯುತ್ತಾರೆ. ಎಫ್ ಜಾಸ್ತಿ ಆದಷ್ಟೂ ಕಾಳು ಸಣ್ಣ, ಉರಿ ಜೋರು. 50 ಮತ್ತು 54ಕ್ಕೆ ಸಾಮಾನ್ಯವಾಗಿ 2ಎಫ್. 4ಎಫ್ ಚಕಮಕಿ ಕೋವಿಯ ಕಿವಿಬಟ್ಟಲಿಗೆ ಮಾತ್ರ, ನಳಿಗೆಗೆ ಬೇಡ.

ಬದಲಿ ಮದ್ದುಗಳಲ್ಲಿ ಪೈರೊಡೆಕ್ಸ್, ಟ್ರಿಪಲ್ ಸೆವೆನ್, ಬ್ಲ್ಯಾಕ್‌ಹಾರ್ನ್ 209 ಹೆಚ್ಚು ಕಾಣುತ್ತವೆ. ಪೈರೊಡೆಕ್ಸನ್ನು ಕರಿಮದ್ದಿನಷ್ಟೇ ಅಳತೆಯಲ್ಲಿ ಹಾಕಬಹುದು. ಟ್ರಿಪಲ್ ಸೆವೆನ್‌ನಲ್ಲಿ ಗಂಧಕ ಇಲ್ಲ, ನೀರಿನಲ್ಲೇ ತೊಳೆಯಬಹುದು. ಆದರೆ ಅದು ಕರಿಮದ್ದಿಗಿಂತ ಜೋರು, ಅಳತೆಯನ್ನು ಶೇಕಡ 15ರಷ್ಟು ಇಳಿಸಬೇಕು. ಬ್ಲ್ಯಾಕ್‌ಹಾರ್ನ್ 209 ತೇವ ಎಳೆಯುವುದು ಕಡಿಮೆ, ಮಸಿಯೂ ಕಡಿಮೆ. ಆದರೆ ಹೆಸರಿನಲ್ಲೇ ಇರುವ 209 ಪ್ರೈಮರ್ (ಕೇಪಿಗಿಂತ ಜೋರು ಕಿಡಿ ಕೊಡುವ ಬಿಲ್ಲೆ) ಇಲ್ಲದೆ ಸರಿಯಾಗಿ ಹತ್ತಿಕೊಳ್ಳುವುದಿಲ್ಲ. 11ನೇ ನಂಬರ್ ಕೇಪಿನ ಹಳೆ ಮಾದರಿ ಕೋವಿಗೆ ಅದು ಹೇಳಿದ ಮದ್ದಲ್ಲ.

ಇಲ್ಲಿ ಒಂದು ಅಪಾಯದ ತಪ್ಪು ಇದೆ. ನಿಧಾನ ಓದಿ. ಮಜಲ್‌ಲೋಡರ್ ಮದ್ದಿನಲ್ಲಿ "100 ಗ್ರೇನ್" ಎಂದರೆ ಗಾತ್ರದ ಅಳತೆ. ಕರಿಮದ್ದಿಗೆಂದು ಗೆರೆ ಹಾಕಿದ ಅಳತೆ ಕೊಳವೆಯಲ್ಲಿ 100ರ ಗೆರೆಯವರೆಗೆ ತುಂಬಿದಷ್ಟು. ಅದು ತಕ್ಕಡಿಯ ತೂಕ ಅಲ್ಲ. ಬ್ಲ್ಯಾಕ್‌ಹಾರ್ನ್‌ನಲ್ಲಿ ಗಾತ್ರದ 100 ಗ್ರೇನ್ ತೂಗಿದರೆ 70 ಗ್ರೇನ್ ಮಾತ್ರ. ಡಿಜಿಟಲ್ ತಕ್ಕಡಿ ಇಟ್ಟುಕೊಂಡು 100 ಗ್ರೇನ್ ತೂಗಿ ಹಾಕಿದವರು ನಿಜವಾಗಿ ಗಾತ್ರದ 143 ಗ್ರೇನ್ ಸುರಿದಂತಾಯಿತು. ಆ ಮದ್ದಿಗೆ ಹೇಳಿರುವ ಮೇಲ್ಮಿತಿ ಗಾತ್ರದ 120. ಒದೆತ ವಿಪರೀತ ಆಗಿದೆ, ಪ್ರೈಮರ್ ಉಬ್ಬಿ ಕಚ್ಚಿಕೊಂಡಿದೆ, ನಳಿಗೆಯ ಹಿಂಬದಿ ಮುಚ್ಚುವ ಬ್ರೀಚ್ ಪ್ಲಗ್ ಸುತ್ತ ಮಸಿ ಚಿಮ್ಮಿದೆ ಎಂದರೆ ಅಲ್ಲೇ ನಿಲ್ಲಿಸಿ. ಅಳತೆ ಹೇಗೆ ಮಾಡಿದಿರಿ ಎಂದು ಮೊದಲು ನೋಡಿಕೊಳ್ಳಿ.

ಹೊಗೆಯಿಲ್ಲದ ತೋಟಾ ಮದ್ದನ್ನು ಸಾಮಾನ್ಯ ಮಜಲ್‌ಲೋಡರ್‌ಗೆ ಚಿಟಿಕೆಯಷ್ಟೂ ಹಾಕಬಾರದು. ನಳಿಗೆ ಸಿಡಿದು ಕೈ, ಕಣ್ಣು ಹೋಗುತ್ತದೆ. ಮದ್ದನ್ನು ಬೇರೆ ಡಬ್ಬಕ್ಕೆ ಸುರಿದಿಟ್ಟು ಹೆಸರು ಬರೆಯದೆ ಬಿಡಬೇಡಿ. ಹೆಸರಿಲ್ಲದ ಡಬ್ಬದ ಮದ್ದನ್ನು ಬಳಸಲೂಬೇಡಿ, ಅದು ಎಷ್ಟೇ ಕರಿಮದ್ದಿನಂತೆ ಕಂಡರೂ.

ಎಷ್ಟು ಮದ್ದು? ಕೋವಿ ತಯಾರಕರ ಪುಸ್ತಕದಲ್ಲಿ ಆ ಗುಂಡಿನ ತೂಕಕ್ಕೆ ಕೊಟ್ಟ ಮಿತಿಯೇ ಕೊನೆಯ ಮಾತು. ಅದರೊಳಗೆ ಗಾತ್ರದ 70 ಗ್ರೇನ್‌ನಿಂದ ಶುರು ಮಾಡಿ, ಹತ್ತು ಹತ್ತು ಏರಿಸಿ, ಪ್ರತಿ ಅಳತೆಗೂ ಮೂರು ಈಡು ಕಾಗದಕ್ಕೆ ಹೊಡೆಯಿರಿ. 370-385 ಗ್ರೇನ್ ಕೊನಿಕಲ್ ಬಹುಪಾಲು ಕೋವಿಗಳಲ್ಲಿ 80ರಿಂದ 100ರ ನಡುವೆ ಎಲ್ಲೋ ಒಂದು ಕಡೆ ಒಟ್ಟಾಗಿ ಬೀಳುತ್ತದೆ. ಕಾಗದದ ಮೇಲೆ ಗುಂಡು ಬಿದ್ದ ಗುಂಪು ಚಿಕ್ಕದಾಗಿ, ಮತ್ತೆ ದೊಡ್ಡದಾಗಲು ಶುರುವಾದಾಗ ಹಿಂದಕ್ಕೆ ಬನ್ನಿ. ಅಲ್ಲಿ ನಿಲ್ಲಿ. ಇನ್ನೂ 100 ಅಡಿ ವೇಗ ಸಿಗುತ್ತದೆ ಎಂಬ ಆಸೆ ಬೇಡ, ಎಲ್ಕ್‌ಗೆ ಅದರ ವ್ಯತ್ಯಾಸ ತಿಳಿಯುವುದಿಲ್ಲ.

ದೂರು ಒಂದು: ಈಡು ಹಾರಲಿಲ್ಲ

ಕೋವಿಯ ಕುದುರೆ (ಕೇಪು ಬಡಿಯುವ ಸುತ್ತಿಗೆ) ಬಿತ್ತು, ಕೇಪು ಸಿಡಿಯಿತು, ಕೋವಿ ಸುಮ್ಮನಿದೆ. ನಳಿಗೆಯನ್ನು ಗುರಿಯ ಕಡೆಯೇ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಿರಿ. ಒಳಗೆ ಕಿಡಿ ಇದ್ದರೆ ತಡವಾಗಿ ಹಾರುತ್ತದೆ. ಆಮೇಲೆ ಹೊಸ ಕೇಪು ಇಟ್ಟು ನೋಡಿ.

ಕಾರಣ ಹೆಚ್ಚಾಗಿ ಎಣ್ಣೆ. ವರ್ಷವಿಡೀ ಎಣ್ಣೆ ಹಚ್ಚಿ ಇಟ್ಟ ಕೋವಿ, ನಿಪ್ಪಲ್ (ಕೇಪು ಕೂರುವ ತೂತಿನ ಮೊಳೆ) ಒಳಗೆ ಎಣ್ಣೆ ಇಳಿದು ಕೂತಿರುತ್ತದೆ. ತುಂಬುವ ಮೊದಲು ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ನಳಿಗೆ ಒರೆಸಿ. ಖಾಲಿ ಕೋವಿಯ ಬಾಯನ್ನು ಹುಲ್ಲೆಸಳಿನ ಹತ್ತಿರ ಹಿಡಿದು ಒಂದು ಕೇಪು ಸಿಡಿಸಿ. ಹುಲ್ಲು ಅಲುಗಿದರೆ ದಾರಿ ತೆರೆದಿದೆ. ಅಲುಗದಿದ್ದರೆ ನಿಪ್ಪಲ್ ಬಿಚ್ಚಿ, ಚುಚ್ಚುಕಡ್ಡಿಯಿಂದ ತೂತು ಬಿಡಿಸಿ.

ದಾರಿ ಸರಿ ಇದ್ದೂ "ಟಿಕ್... ಢಂ" ಎಂದು ತಡವಾದರೆ ಮದ್ದು-ಕೇಪು ಜೋಡಿ ಹೊಂದುತ್ತಿಲ್ಲ. ಕರಿಮದ್ದು ಸುಲಭವಾಗಿ ಹತ್ತಿಕೊಳ್ಳುತ್ತದೆ. ಪೈರೊಡೆಕ್ಸ್, ಟ್ರಿಪಲ್ ಸೆವೆನ್ ಹತ್ತಲು ಹೆಚ್ಚು ಬಿಸಿ ಬೇಕು. ಮ್ಯಾಗ್ನಮ್ ಕೇಪು ಅಥವಾ ದೊಡ್ಡ ಮಸ್ಕೆಟ್ ಕೇಪಿನ ನಿಪ್ಪಲ್ ಹಾಕಿ ನೋಡಿ. ನಿಯಮ ಒಪ್ಪುವ ಕಡೆ, ಅಸಲಿ ಕರಿಮದ್ದಿಗೆ ಮರಳುವುದು ಇನ್ನೂ ಸುಲಭ. ಬ್ಲ್ಯಾಕ್‌ಹಾರ್ನ್ ಬಳಸುವ, ಪ್ರೈಮರ್ ನಳಿಗೆಯ ನೇರ ಹಿಂದೆ ಕೂರುವ ಇನ್‌ಲೈನ್ ಕೋವಿಯಲ್ಲಿ ತಡವಾದರೆ ಬ್ರೀಚ್ ಪ್ಲಗ್‌ನ ಬೆಂಕಿ ದಾರಿಯಲ್ಲಿ ಗಟ್ಟಿ ಇಂಗಾಲ ಕಟ್ಟಿದೆಯೇ ನೋಡಿ. 1/8 ಇಂಚಿನ ಡ್ರಿಲ್ ಬಿಟ್ಟನ್ನು ಕೈಯಲ್ಲೇ ತಿರುಗಿಸಿದರೆ ಅದು ಉದುರುತ್ತದೆ. ಯಂತ್ರಕ್ಕೆ ಸಿಕ್ಕಿಸಬೇಡಿ.

ದೂರು ಎರಡು: ಗುಂಡು ಚದುರುತ್ತಿದೆ

ಮೊದಲು ಅಳತೆಗೋಲು ಸರಿ ಇಟ್ಟುಕೊಳ್ಳಿ. ತೆರೆದ ಗುರಿಕಣ್ಣಿನಲ್ಲಿ 100 ಗಜಕ್ಕೆ ಮೂರು ನಾಲ್ಕು ಇಂಚಿನ ಗುಂಪು ಬಂದರೆ ಅದು ದೋಷವೇ ಅಲ್ಲ. ಎಲ್ಕ್‌ನ ಶ್ವಾಸಕೋಶದ ಜಾಗ ಒಂದು ಅಡಿಗಿಂತ ಅಗಲ. 50 ಗಜದಲ್ಲೇ ಆರು ಇಂಚು ಚದುರಿದರೆ ಮಾತ್ರ ಹುಡುಕಾಟ ಶುರು ಮಾಡಿ.

ಚದುರಿದ ರೀತಿ ನೋಡಿ. ಮೊದಲ ಗುಂಡು ಒಂದು ಕಡೆ, ಉಳಿದವು ಇನ್ನೊಂದು ಕಡೆ ಒಟ್ಟಾಗಿ ಬಿದ್ದಿವೆಯೇ? ಶುದ್ಧ ನಳಿಗೆ, ಮಸಿ ಹಿಡಿದ ನಳಿಗೆ ಬೇರೆ ಬೇರೆ ಹೊಡೆಯುತ್ತಿವೆ. ಬೇಟೆಯಲ್ಲಿ ನೀವು ಹಾರಿಸುವುದು ಶುದ್ಧ ನಳಿಗೆಯ ಮೊದಲ ಈಡು, ಅಲ್ವಾ? ಹಾಗಾದರೆ ಗುರಿಕಣ್ಣನ್ನು ಆ ಮೊದಲ ಗುಂಡಿಗೇ ಹೊಂದಿಸಿ. ಪ್ರತಿ ಈಡಿನ ನಡುವೆ ಒಂದು ಒದ್ದೆ ಬಟ್ಟೆ, ಒಂದು ಒಣ ಬಟ್ಟೆ ಎಳೆದು ಅಭ್ಯಾಸ ಮಾಡಿ. ಬಟ್ಟೆ ತೊಟ್ಟಿಕ್ಕುವಷ್ಟು ಒದ್ದೆ ಬೇಡ, ನೀರು ಬುಡಕ್ಕಿಳಿದು ಮದ್ದು ನೆನೆಯುತ್ತದೆ.

ಮೂರನೆಯದು, ನಾಲ್ಕನೆಯದು ಹೋಗುತ್ತಾ ಹೋಗುತ್ತಾ ಗುಂಪು ಬಿಚ್ಚಿಕೊಂಡಿದೆಯೇ? ಗುಂಡು ತುಂಬಲು ಗಟ್ಟಿಯಾಗುತ್ತಿದೆಯೇ? ಅದು ಮಸಿ. ಟ್ರಿಪಲ್ ಸೆವೆನ್‌ನಲ್ಲಿ ಮದ್ದು ಕೂರುವ ಜಾಗದ ಸ್ವಲ್ಪ ಮೇಲೆ ಒಂದು ಗಟ್ಟಿ ಉಂಗುರ ಕಟ್ಟುತ್ತದೆ. ಗುಂಡು ಅಲ್ಲಿ ತಡೆದು, ಮದ್ದಿನ ಮೇಲೆ ಕೂರದೆ ನಿಲ್ಲಬಹುದು. ಇದು ಗುರಿ ಕೆಡಿಸುವುದಷ್ಟೇ ಅಲ್ಲ. ಮದ್ದಿಗೂ ಗುಂಡಿಗೂ ನಡುವೆ ಜಾಗ ಉಳಿದರೆ ನಳಿಗೆ ಉಬ್ಬುತ್ತದೆ, ಕೆಲವೊಮ್ಮೆ ಸೀಳುತ್ತದೆ. ಆದ್ದರಿಂದ ಸಲಾಕೆಗೆ ಎರಡು ಗುರುತು ಹಾಕಿ: ಖಾಲಿ ನಳಿಗೆಯಲ್ಲಿ ಒಂದು, ಸರಿಯಾಗಿ ತುಂಬಿದಾಗ ಒಂದು. ಪ್ರತಿ ಈಡಿಗೂ ಎರಡನೇ ಗುರುತು ನಳಿಗೆಯ ಬಾಯಿಗೆ ಸರಿಹೊಂದಬೇಕು. ಹೊಂದದೆ ಕೇಪು ಇಡಬೇಡಿ.

ಮೇಲೆ-ಕೆಳಗೆ ಸಾಲಾಗಿ ಬಿದ್ದಿದ್ದರೆ ವೇಗ ಏರಿಳಿಯುತ್ತಿದೆ. ಅಳತೆ ಕೊಳವೆಯನ್ನು ಒಮ್ಮೆ ತಟ್ಟಿ, ಒಮ್ಮೆ ತಟ್ಟದೆ ತುಂಬುತ್ತೀರಾ? ಸಲಾಕೆಯನ್ನು ಒಮ್ಮೆ ಮೆತ್ತಗೆ, ಒಮ್ಮೆ ಕುಟ್ಟಿ ಒತ್ತುತ್ತೀರಾ? ಕೈ ಒಂದೇ ಹದಕ್ಕೆ ಬರಬೇಕು. ಬದಲಿ ಮದ್ದುಗಳಿಗೆ ಗುಂಡು ಅಲುಗದಂತೆ ಗಟ್ಟಿಯಾಗಿ ಒತ್ತಿ ಕೂರಿಸಬೇಕು, ಆದರೆ ಕುಟ್ಟಬಾರದು.

ಯಾವ ಲೆಕ್ಕಕ್ಕೂ ಸಿಗದಂತೆ ಚದುರಿದ್ದರೆ ಗುಂಡಿನ ಬುಡ ಅನುಮಾನಿಸಿ. ಮೆದು ಸೀಸದ ಕೊನಿಕಲ್ ಮದ್ದಿನ ಒತ್ತಡಕ್ಕೆ ಬುಡ ಅಗಲಿಸಿ ಗೀರು ತುಂಬಿಕೊಳ್ಳಬೇಕು. ಮನೆಯಲ್ಲಿ ಎರೆದ ಗುಂಡಾದರೆ ಸೀಸ ಗಟ್ಟಿ ಇರಬಹುದು. ಹಳೇ ಕಾರಿನ ಚಕ್ರದ ತೂಕದ ತುಂಡಿನಲ್ಲಿ ಆಂಟಿಮನಿ ಬೆರೆತಿರುತ್ತದೆ, ಅದು ಅಗಲಿಸುವುದಿಲ್ಲ. ಉಗುರಿನಿಂದ ಗೀರಿ ನೋಡಿ, ಶುದ್ಧ ಸೀಸದಲ್ಲಿ ಸುಲಭವಾಗಿ ಗೀರು ಬೀಳುತ್ತದೆ. ಸೀಸ ಮೆದು ಇದ್ದೂ ಚದುರಿದರೆ ಬಿಸಿ ಗಾಳಿ ಪಕ್ಕದಿಂದ ನುಸುಳಿ ಬುಡ ಕೊರೆಯುತ್ತಿದೆ. ಮದ್ದಿಗೂ ಗುಂಡಿಗೂ ನಡುವೆ ಎಣ್ಣೆ ಹಚ್ಚಿದ ಉಣ್ಣೆಯ ಬಿಲ್ಲೆ ಹಾಕಿ. ಒಂದು ಬಿಲ್ಲೆಯಿಂದ ಗುಂಪು ಅರ್ಧಕ್ಕೆ ಇಳಿದದ್ದನ್ನು ನಾನು ನೋಡಿದ್ದೇನೆ. ಬಿಲ್ಲೆಯೂ ಕೆಲಸ ಮಾಡದಿದ್ದರೆ ಮಾತ್ರ ಮದ್ದು ಹತ್ತು ಗ್ರೇನ್ ಇಳಿಸಿ. ಏರಿಸಬೇಡಿ.

ದುಂಡು ಗುಂಡಿನವರಿಗೆ ಸಾಕ್ಷಿ ನೆಲದಲ್ಲೇ ಸಿಗುತ್ತದೆ. ಗುಂಡಿಗೆ ಸುತ್ತಿ ತುಂಬುವ ಪ್ಯಾಚ್ ಬಟ್ಟೆ ಹಾರಿ ಹತ್ತಿಪ್ಪತ್ತು ಹೆಜ್ಜೆಯೊಳಗೆ ಬಿದ್ದಿರುತ್ತದೆ, ಹೆಕ್ಕಿ ತಂದು ಬಿಡಿಸಿ. ನಡುವೆ ಮಸಿಯ ದುಂಡು ಗುರುತು, ಅಂಚು ಸ್ವಲ್ಪ ಚಿಂದಿ: ಸರಿ ಇದೆ. ನಡುವೆ ಸುಟ್ಟು ತೂತಾಗಿದ್ದರೆ ಬಟ್ಟೆ ತೆಳು, ಇಲ್ಲವೇ ಎಣ್ಣೆ ಕಡಿಮೆ, ಇಲ್ಲವೇ ಮದ್ದು ಜಾಸ್ತಿ. ಕತ್ತರಿಸಿದಂತೆ ಸೀಳಿದ್ದರೆ ಹೊಸ ನಳಿಗೆಯ ಗೀರು ಚೂಪಾಗಿದೆ. 0.015 ಇಂಚು ದಪ್ಪದ ಹತ್ತಿ ಬಟ್ಟೆಯಿಂದ ಶುರು ಮಾಡಿ, ಬೇಕಾದರೆ ದಪ್ಪಕ್ಕೆ ಹೋಗಿ.

ಇನ್ನೊಂದು, ಪರ್ವತದಲ್ಲಿ ಮಾತ್ರ ಕಾಣುವ ದೋಷ. ಮೈದಾನದಲ್ಲಿ ಗುಂಡು ಅಚ್ಚುಕಟ್ಟು, ಬೇಟೆಯಲ್ಲಿ ಮೊದಲ ಈಡೇ ಎಲ್ಲೋ. ನಡೆಯುವಾಗ ಕೋವಿಯನ್ನು ಬಾಯಿ ಕೆಳಗೆ ಮಾಡಿ ತೂಗುಹಾಕಿದಿರಾ? ಕುದುರೆ ಮೇಲೆ ಚೀಲದಲ್ಲಿ ಬಾಯಿ ಕೆಳಗಾಗಿತ್ತೇ? ಸಡಿಲ ಅಳತೆಯ ಕೊನಿಕಲ್ ತನ್ನ ಭಾರಕ್ಕೇ ಮುಂದೆ ಜಾರುತ್ತದೆ. ಮೇಲೆ ಹೇಳಿದ ಉಬ್ಬುವ ಅಪಾಯ ಇಲ್ಲೂ ಇದೆ. ದಿನಕ್ಕೆ ಹಲವು ಸಲ, ಕೇಪು ತೆಗೆದು, ಸಲಾಕೆ ಇಳಿಸಿ ಗುರುತು ನೋಡಿ. ಪದೇ ಪದೇ ಜಾರಿದರೆ ಒಂದು ಸಾವಿರಾಂಶ ಇಂಚು ದೊಡ್ಡ ಗುಂಡು ತನ್ನಿ. ಕೊನಿಕಲ್ ಹೆಬ್ಬೆರಳಿನ ಒತ್ತಿಗೆ ಬಾಯೊಳಗೆ ಹೋಗಿ, ಆಮೇಲೆ ಸಲಾಕೆಯ ಸಮ ಒತ್ತಡಕ್ಕೆ ಮಾತ್ರ ಇಳಿಯಬೇಕು. ತಾನೇ ಜಾರಿ ಹೋದರೆ ಅದು ನಿಮ್ಮ ನಳಿಗೆಯ ಗುಂಡಲ್ಲ.

ದೂರು ಮೂರು: ತಾಗಿತು, ಸಿಗಲಿಲ್ಲ

ಮೂರರಲ್ಲಿ ನೋವು ಕೊಡುವುದು ಇದೇ. ಗಾಯಗೊಂಡ ಪ್ರಾಣಿ ಕಾಡಿನಲ್ಲೆಲ್ಲೋ ಇದೆ, ಹೊಣೆ ನಿಮ್ಮದು. ಹೊಗೆ ಕವಿದು ಏನೂ ಕಾಣುವುದಿಲ್ಲ, ಆದ್ದರಿಂದ ಹಾರಿಸಿದ ಕೂಡಲೇ ಬಗ್ಗಿ ಹೊಗೆಯ ಕೆಳಗಿಂದ ನೋಡಿ, ಕಿವಿ ಕೊಡಿ. ಮತ್ತೆ ತುಂಬಿಕೊಳ್ಳಿ. ಅರ್ಧ ಗಂಟೆಯಾದರೂ ಕೂತಲ್ಲೇ ಕಾಯಿರಿ. ಆಮೇಲೆ ತಾಗಿದ ಜಾಗಕ್ಕೆ ಹೋಗಿ ರಕ್ತ ನೋಡಿ.

ನೊರೆಯಿರುವ ತಿಳಿಗೆಂಪು: ಶ್ವಾಸಕೋಶ, ದೂರ ಹೋಗಿರುವುದಿಲ್ಲ. ಕಡುಗೆಂಪು: ಯಕೃತ್ತು ಇರಬಹುದು, ಇನ್ನೂ ಕಾಯಬೇಕು. ಹಸಿರು ಚೂರು, ಕೆಟ್ಟ ವಾಸನೆ: ಹೊಟ್ಟೆ. ಹಲವು ಗಂಟೆ ಬಿಟ್ಟು ಹುಡುಕಿ, ಬೆನ್ನು ಹತ್ತಿ ಓಡಿಸಬೇಡಿ. ರಕ್ತ ತೀರಾ ಕಡಿಮೆ, ಕೂದಲು ಬಹಳ ಎಂದರೆ ಗುಂಡಿನ ಕಡೆ ತಿರುಗಿ.

ಪ್ರಾಣಿ ಸಿಕ್ಕ ಮೇಲೆ ಗಾಯದ ದಾರಿಯನ್ನು ಬಿಡಿಸಿ ನೋಡುವುದೇ ನಿಜವಾದ ಪತ್ತೆ. ಭುಜದಲ್ಲೇ ಅಗಲ ಗಾಯ, ಸೀಸದ ಚೂರು ಚೂರು, ಒಳಗೆ ಹೋಗಿಲ್ಲ: ಟೊಳ್ಳು ಮೂತಿಯ ಮೆದು ಗುಂಡನ್ನು ಅತಿ ಮದ್ದಿನಿಂದ ಹತ್ತಿರದಲ್ಲಿ ಹೊಡೆದಿದ್ದೀರಿ. ಜಿಂಕೆಗೆ ಚೆನ್ನಾಗಿ ಕೆಲಸ ಮಾಡಿದ ಹಗುರ ಗುಂಡು, 150 ಗ್ರೇನ್ ಮದ್ದು, 40 ಗಜ, ಎಲ್ಕ್‌ನ ಭುಜದ ಮೂಳೆ. ಈ ಜೋಡಣೆಯಲ್ಲಿ ಗುಂಡು ಒಡೆಯುವುದು ಆಶ್ಚರ್ಯ ಅಲ್ಲ. ಮದ್ದು ಜಾಸ್ತಿ ಮಾಡಿದಷ್ಟೂ ಇಂಥ ಗುಂಡು ಒಳಗೆ ಹೋಗುವುದು ಕಡಿಮೆಯಾಗುತ್ತದೆ. ಇದು ಅನೇಕರಿಗೆ ಒಪ್ಪಲು ಕಷ್ಟ, ಆದರೆ ಮಾಂಸ ಬಿಡಿಸಿ ನೋಡಿದವರು ಒಪ್ಪುತ್ತಾರೆ. ಭಾರದ, ಗಟ್ಟಿ ಮೂತಿಯ ಗುಂಡಿಗೆ ಹೋಗಿ, ಮದ್ದು 90ಕ್ಕೆ ಇಳಿಸಿ. 50 ಕ್ಯಾಲಿಬರ್ ಗುಂಡು ಅರಳದಿದ್ದರೂ ತೂತು ಅರ್ಧ ಇಂಚಿನದೇ. ನಮಗೆ ಬೇಕಾದದ್ದು ಆಚೆ ಬದಿಯಲ್ಲೂ ಒಂದು ತೂತು, ನೆಲಕ್ಕೆ ರಕ್ತ ಬೀಳುವುದು ಅಲ್ಲಿಂದ.

ಗುಂಡು ಪೂರ್ತಿ, ಆಕಾರ ಕೆಡದೆ, ಆಚೆ ಪಕ್ಕೆಯ ಈಚೆಗೇ ನಿಂತಿದೆ, ದೂರ 120 ಗಜ: ಮದ್ದೂ ಗುಂಡೂ ಸರಿ, ದೂರ ತಪ್ಪು. 100 ಗಜಕ್ಕೆ ಹೊಂದಿಸಿದ 385 ಗ್ರೇನ್ ಕೊನಿಕಲ್ 150 ಗಜದಲ್ಲಿ 9-10 ಇಂಚು ಕೆಳಗೆ ಬೀಳುತ್ತದೆ. ತೆರೆದ ಕಣ್ಣಿನಲ್ಲಿ ಅದನ್ನು ಊಹಿಸಿ ಹೊಡೆಯುವುದು ಪ್ರಾಣಿಗೆ ಮಾಡುವ ಅನ್ಯಾಯ. ಎದೆಯ ಕೆಳಗೆ ಕೂದಲು ಕತ್ತರಿಸಿ ಹೋದ ಗುಂಡುಗಳ ಕಥೆ ಎಲ್ಲ ಇದೇ. ನಾನು 100 ಗಜಕ್ಕೆ ಗೆರೆ ಎಳೆದಿದ್ದೇನೆ, ಅದರಾಚೆ ಇರುವ ಎಲ್ಕನ್ನು ಹತ್ತಿರ ಬರುವಂತೆ ಕೂಗಿ ಕರೆಯುವುದೇ ಸೆಪ್ಟೆಂಬರ್ ಬೇಟೆಯ ಸೊಗಸು.

ಮಳೆ ಮತ್ತು ಪ್ರಯಾಣ

ಆ ತಿಂಗಳು ರಾಕಿ ಪರ್ವತದಲ್ಲಿ ಮಧ್ಯಾಹ್ನದ ಮಳೆ ಸಾಮಾನ್ಯ. ನಳಿಗೆಯ ಬಾಯಿಗೆ ವಿದ್ಯುತ್ ಟೇಪ್ ಅಂಟಿಸಿ, ಹಾರಿಸುವಾಗ ತೆಗೆಯಬೇಕಿಲ್ಲ. ಚಳಿಯಲ್ಲಿದ್ದ ಕೋವಿಯನ್ನು ರಾತ್ರಿ ಬೆಚ್ಚಗಿನ ಡೇರೆಯೊಳಗೆ ತಂದರೆ ಒಳಗೆ ಬೆವರು ಕಟ್ಟಿ ಮದ್ದು ನೆನೆಯುತ್ತದೆ. ಕೇಪು ತೆಗೆದು, ಮುಚ್ಚು ಹಾಕಿ, ಹೊರಗಿನ ಚಳಿಯಲ್ಲೇ ಭದ್ರವಾಗಿಡಿ.

ವಿಮಾನದಲ್ಲಿ ಮದ್ದನ್ನೂ ಕೇಪನ್ನೂ ಒಯ್ಯುವಂತಿಲ್ಲ, ಕೈಚೀಲದಲ್ಲೂ ಇಲ್ಲ, ದೊಡ್ಡ ಪೆಟ್ಟಿಗೆಯಲ್ಲೂ ಇಲ್ಲ. ಬೇರೆ ರಾಜ್ಯದಿಂದ ಹಾರಿ ಬರುವವರು ಡೆನ್ವರ್‌ನಲ್ಲಿ ಇಳಿದು ಸಿಕ್ಕಿದ ಮದ್ದು ಕೊಳ್ಳುತ್ತಾರೆ. ಮನೆಯಲ್ಲಿ ಪೈರೊಡೆಕ್ಸ್‌ನಲ್ಲಿ ಹೊಂದಿಸಿದ ಗುರಿ, ಬೇಟೆಯಲ್ಲಿ ಟ್ರಿಪಲ್ ಸೆವೆನ್. "ಅದೇ 90 ಗ್ರೇನ್ ಹಾಕಿದೆ, ಯಾಕೆ ಮೇಲೆ ಹೋಯಿತು" ಎಂಬ ದೂರಿಗೆ ಉತ್ತರ ಇದೇ. ಸಾಧ್ಯವಾದರೆ ಅಂಗಡಿಗೆ ಮೊದಲೇ ಫೋನ್ ಮಾಡಿ ನಿಮ್ಮದೇ ಮದ್ದು ಕಾದಿರಿಸಿ. ಆಗದಿದ್ದರೆ ಬೇಟೆಗೆ ಒಂದು ದಿನ ಮುಂಚೆ ಬಂದು, ಹೊಸ ಮದ್ದಿನಲ್ಲಿ ಅಳತೆ ಇಳಿಸಿ ಶುರು ಮಾಡಿ, ಕಾಗದಕ್ಕೆ ಹೊಡೆದು ನೋಡಿ.

ತೊಳೆಯುವುದು ಅದೇ ದಿನ ಆಗಬೇಕು. ಕರಿಮದ್ದು, ಪೈರೊಡೆಕ್ಸ್, ಟ್ರಿಪಲ್ ಸೆವೆನ್‌ಗೆ ಬಿಸಿನೀರು, ಸೋಪು. ಬ್ಲ್ಯಾಕ್‌ಹಾರ್ನ್‌ಗೆ ನೀರು ಆಗುವುದಿಲ್ಲ, ಕೋವಿ ತೊಳೆಯುವ ಸಾಲ್ವೆಂಟ್ ಬೇಕು. ತೊಳೆಯದೆ ಬಿಟ್ಟ ನಳಿಗೆಯಲ್ಲಿ ತುಕ್ಕಿನ ಗುಳಿ ಬೀಳುತ್ತದೆ. ಮುಂದಿನ ವರ್ಷ ಪ್ಯಾಚ್ ಹರಿಯುವುದು, ಗುಂಪು ಬಿಚ್ಚುವುದು ಆ ಗುಳಿಗಳಿಂದ. ಯಾರೋ ಕೊಟ್ಟ, ಅಟ್ಟದಲ್ಲಿ ಸಿಕ್ಕ, ತುಂಬಿದೆಯೋ ಇಲ್ಲವೋ ಗೊತ್ತಿಲ್ಲದ ಕೋವಿ ಕೈಗೆ ಬಂದರೆ ಕೇಪು ಇಟ್ಟು ಪರೀಕ್ಷೆ ಮಾಡಬೇಡಿ. ಬಾಯಿಗೆ ಮುಖ ಅಡ್ಡ ಹಿಡಿಯದೆ ಸಲಾಕೆ ಇಳಿಸಿ, ಬಾಯಿಯ ಬಳಿ ಬೆರಳಿಟ್ಟು ಗುರುತು ಹಿಡಿದು ಹೊರಗೆ ತೆಗೆಯಿರಿ. ನಳಿಗೆಯ ಹೊರಗೆ ಪಕ್ಕಕ್ಕಿಟ್ಟು ಅಳೆಯಿರಿ. ಸಲಾಕೆಯ ತುದಿ ನಿಪ್ಪಲ್ ಇರುವ ಜಾಗಕ್ಕಿಂತ ಒಂದೆರಡು ಇಂಚು ಮೊದಲೇ ನಿಂತರೆ ಒಳಗೆ ಈಡು ಇದೆ. ಆಗ ನಿಪ್ಪಲ್ ಕಡೆಯಿಂದ ಇಂಗಾಲದ ಡೈಆಕ್ಸೈಡ್ ಒತ್ತಡ ಕೊಟ್ಟು ಗುಂಡು ಹೊರದೂಡುವ ಸಾಧನ ಸಿಗುತ್ತದೆ, ಅದನ್ನು ಬಳಸಿ. ಬಳಸಿ ಗೊತ್ತಿಲ್ಲದಿದ್ದರೆ ಕೋವಿ ರಿಪೇರಿಯವರ ಕೈಗೆ ಕೊಡಿ.